ಬಿಸ್ಕತ್ ಡಬ್ಬಿಯೊಳಗಿನ ಡ್ರಮ್ಮು

ನಮ್ಮನೆಯವರು ಲಿಫ್ಟ್ ರಿಪೇರಿ ಮಾಡುತ್ತಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಮನೆಗೆ ಬಂದವರು ಊಟದ ಮೇಜು ನೋಡಿ ಬೇರೆ ಏನೇನೋ ಅಂದುಕೊಳ್ಳುತ್ತಾರೆ. ನೀರಿನ ಮೀಟರ್ ನೋಡಲು ಬಂದವನೊಬ್ಬ ಮೇಜಿನ ಮೇಲಿದ್ದ ವೈರು, ಬ್ಯಾಟರಿ, ಬಿಸ್ಕತ್ ಡಬ್ಬಿಗಳನ್ನು ಕಂಡು ಮೀಟರ್ ನೋಡದೆಯೇ ಮೆಟ್ಟಿಲಿಳಿದು ಹೋದ. ಆಮೇಲೆ ಬಂದವನು ಬಾಗಿಲಲ್ಲೇ ನಿಂತು, ನೀವೇ ನೋಡಿ ಹೇಳಿಬಿಡಿ ಅಂದ.

ಆ ಮೇಜಿನ ಮೇಲೆ ನಾವು ಊಟ ಮಾಡಿ ಎಷ್ಟೋ ಕಾಲವಾಯಿತು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತು ಉಣ್ಣುತ್ತೇವೆ. ಹಾಗೆ ಉಣ್ಣುವಾಗ ಒಮ್ಮೆ ಬಾಯಿಗೆ ಕಲ್ಲು ಸಿಕ್ಕಿತು ಎಂದು ಉಗಿದರೆ ಅದು ರೆಸಿಸ್ಟರ್. ನಮ್ಮವರು ಅದನ್ನು ತೊಳೆದರು, ಮೀಟರ್ ಇಟ್ಟು ನೋಡಿದರು, "ಚೆನ್ನಾಗೇ ಇದೆ" ಎಂದು ಡಬ್ಬಿಗೆ ಹಾಕಿಕೊಂಡರು. ನನ್ನ ಹಲ್ಲು ಹೇಗಿದೆ ಎಂದು ಕೇಳಲಿಲ್ಲ.

ಆ ಮೇಜಿನ ಮೇಲೆ ಅವರು ಮಾಡುವುದು ಡ್ರಮ್ಮು. ಚರ್ಮವಿಲ್ಲ, ಮರವಿಲ್ಲ, ಕೋಲಿಲ್ಲ. ಬಿಸ್ಕತ್ ಡಬ್ಬಿಯೊಳಗೆ ಬೋರ್ಡು, ಬೋರ್ಡಿನ ಮೇಲೆ ಸರ್ಕೀಟು, ಡಬ್ಬಿಯಿಂದ ಹೊರಬಂದ ವೈರಿನ ತುದಿಗೆ ಹಳೆಯ ರಬ್ಬರ್ ಚಪ್ಪಲಿಯ ತುಂಡು. ತುಂಡಿನ ಕೆಳಗೆ ಅಲಾರಂ ಗಡಿಯಾರದಿಂದ ಕಿತ್ತ ಹಿತ್ತಾಳೆಯ ಬಿಲ್ಲೆ. ಚಪ್ಪಲಿಯನ್ನು ಬೆರಳಲ್ಲಿ ತಟ್ಟಿದರೆ ಸ್ಪೀಕರಿನಲ್ಲಿ ಡ್ರಮ್ಮು ಕೇಳುತ್ತದೆ. ಯಾರೋ ಎಲ್ಲೋ ಬಾರಿಸಿದ್ದನ್ನು ರೆಕಾರ್ಡ್ ಮಾಡಿ ಒಳಗೆ ತುಂಬಿಟ್ಟದ್ದಲ್ಲ. ತಟ್ಟಿದಾಗಲೆಲ್ಲ ಸದ್ದು ಆಗಷ್ಟೇ ಹುಟ್ಟುತ್ತದೆ, ಆದ್ದರಿಂದ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ನನ್ನ ಚಪ್ಪಲಿಗಳೆಲ್ಲ ಎಲ್ಲಿಗೆ ಹೋದವು ಎಂದು ಈಗ ನಿಮಗೂ ತಿಳಿಯಿತಲ್ಲ.

ಇದೆಲ್ಲ ಶುರುವಾದದ್ದು ಒಂದು ಹಳೆಯ ಆಫೀಸು ಕಟ್ಟಡದ ಲಿಫ್ಟಿನ ಗಂಟೆಯಿಂದ. ಮಹಡಿ ಬಂದಾಗ 'ಟಿಣ್' ಎಂದು ಸುಮ್ಮನಾಗಬೇಕಾದ ಎಲೆಕ್ಟ್ರಾನಿಕ್ ಗಂಟೆ, ಒಮ್ಮೆ ಶುರುಮಾಡಿದರೆ ಸಂಜೆಯ ತನಕ ಕೂಗುತ್ತಿತ್ತಂತೆ. ಆಫೀಸಿನವರ ಜೀವ ತಿಂದುಹಾಕಿತ್ತು. ಇವರು ಅದನ್ನು ಕಿತ್ತು ಮನೆಗೆ ತಂದು, ಒಳಗಿದ್ದ ಸಣ್ಣ ತಿರುಪನ್ನು ಅತ್ತ ಇತ್ತ ತಿರುಗಿಸುತ್ತ ಕೂತರು. ಅತ್ತ ತಿರುಗಿಸಿದರೆ ಸರ್ಕೀಟು ಸತ್ತ ಹಾಗೆ. ಇತ್ತ ತಿರುಗಿಸಿದರೆ ನಿಲ್ಲದ ಕೂಗು. ಎರಡರ ನಡುವೆ, ಕೂಗಲು ಇನ್ನೇನು ಬಾಯಿ ತೆರೆಯಬೇಕು ಎನ್ನುವಲ್ಲಿ ತಿರುಪು ಬಿಟ್ಟುಬಿಟ್ಟರೆ, ಅದು ಕಾಯುತ್ತ ಕೂತಿರುತ್ತದೆ. ಆಗ ಒಂದು ಸಲ ತಟ್ಟಿದರೆ 'ಡುಂ' ಎಂದು ಗುನುಗಿ, ತಾನಾಗಿ ತಣ್ಣಗಾಗುತ್ತದೆ. "ಇದು ಡ್ರಮ್ಮು ಕಣೇ" ಅಂದರು. ಕೂಗಾಡಲು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಹಿಡಿದು ಕೂರಿಸುವುದು ಅವರಿಗೆ ಹೊಸ ವಿದ್ಯೆಯೇನಲ್ಲ, ನನ್ನ ಜೊತೆ ಸಂಸಾರ ಮಾಡಿದ್ದಾರೆ.

ಮಾತು ಕಡಿಮೆಯ ಮನುಷ್ಯ. ಏನು ಕೇಳಿದರೂ "ನೋಡೋಣ" ಅನ್ನುತ್ತಾರೆ. ಬೆಳಗ್ಗೆಯಿಂದ ಸಂಜೆಯವರೆಗೆ ಲಿಫ್ಟಿನ ಬಾವಿಯೊಳಗೆ ಒಬ್ಬರೇ ನಿಂತು, ಹಗ್ಗ ಎಲ್ಲಿ ಉಜ್ಜುತ್ತಿದೆ, ಚಕ್ರ ಎಲ್ಲಿ ಕಿರುಗುಟ್ಟುತ್ತಿದೆ ಎಂದು ಕಿವಿಗೊಟ್ಟು ಕೇಳುವ ಕೆಲಸ. ಮನೆಗೆ ಬಂದ ಮೇಲೂ ಕಿವಿ ಅದನ್ನೇ ಮಾಡುತ್ತದೆ. ನಾನು ಕೋಪದಲ್ಲಿ ಪಾತ್ರೆ ಕುಕ್ಕಿದರೆ, ಯಾಕೆ ಕೋಪ ಎಂದು ಕೇಳುವುದಿಲ್ಲ. "ಅದನ್ನ ಇನ್ನೊಂದ್ಸಲ ಕುಕ್ಕು" ಅನ್ನುತ್ತಾರೆ. ಇಂಥವರ ಹತ್ತಿರ ಜಗಳ ಆಡುವುದು ಹೇಗೆ, ನೀವೇ ಹೇಳಿ.

ಇವರ ಅಕ್ಕ, ಅಂದರೆ ನಾನು ಅತ್ತಿಗೆ ಎಂದು ಕರೆಯುವವರು, ನಿಜವಾದ ಡ್ರಮ್ಮು ಬಾರಿಸುತ್ತಿದ್ದವರು. ದೊಡ್ಡ ಹೋಟೆಲೊಂದರ ಹಾಲಿನಲ್ಲಿ ಶನಿವಾರ ಸಂಜೆ ಆರ್ಕೆಸ್ಟ್ರಾ ಇರುತ್ತದೆ. ಅದರ ಹಿಂದಿನ ಸಾಲಿನ ಕುರ್ಚಿ ಅವರದು. ಯೌವನವೆಲ್ಲ ಆ ಕುರ್ಚಿಯ ಮೇಲೇ ಕಳೆಯಿತು. ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ "ಸಂಜೆ ಹೊತ್ತು ನಾನು ಮನೇಲಿರಲ್ಲ" ಅನ್ನುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲಿ. ನನಗೂ ಸಿಟ್ಟು ಕಡಿಮೆಯೇನಿಲ್ಲ, ಆದರೆ ನನ್ನದಕ್ಕೆ ಒಂದು ಕಾರಣ ಬೇಕು. ಅವರದಕ್ಕೆ ಬೇಕಿರಲಿಲ್ಲ.

ಬಚ್ಚಲಲ್ಲಿ ಕಾಲು ಜಾರಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ನರ ಕೂಡಲಿಲ್ಲ. ತೋಳು ಏಳುತ್ತದೆ, ಮೊಣಕೈ ಮಡಚುತ್ತದೆ, ಅಲ್ಲಿಂದ ಮುಂದೆ ಇರುವ ಹಸ್ತಕ್ಕೆ ಹೇಳಿದ ಮಾತು ಕೇಳಿಸುವುದಿಲ್ಲ. ಕೋಲು ಕೊಟ್ಟರೆ ಹಿಡಿಯುವುದಿಲ್ಲ, ಬೀಳಿಸುತ್ತದೆ. ಡಾಕ್ಟರು ದಿನಾ ಆಡಿಸಿ, ಏನಾದರೂ ಮುಟ್ಟಿ, ಒತ್ತಿ, ಬಳಸುತ್ತಿದ್ದರೆ ಅಷ್ಟಿಷ್ಟು ಬರಬಹುದು ಅಂದಿದ್ದರು. ಅತ್ತಿಗೆ ಆ ಕೈಯನ್ನು ಸ್ವೆಟರಿನ ಜೇಬಿಗೆ ಹಾಕಿದರು, ಮತ್ತೆ ತೆಗೆಯಲಿಲ್ಲ. ಒಂದು ಕೈಯಲ್ಲಿ ಜಡೆ ಹೆಣೆಯಲು ಬರುವುದಿಲ್ಲವೆಂದು ಕೂದಲು ಕತ್ತರಿಸಿಕೊಂಡು, ಒಂದು ಸೂಟ್‌ಕೇಸು ಹಿಡಿದು ನಮ್ಮ ಮನೆಗೆ ಬಂದರು.

ಆರ್ಕೆಸ್ಟ್ರಾದ ಮೇಷ್ಟ್ರು ಒಳ್ಳೆಯವರು. ಅತ್ತಿಗೆಗಾಗಿ ಕೆಲವು ವಾರ ಕಾದರು. ಆಮೇಲೆ ಅಂಗಡಿಯಿಂದ ಒಂದು ಪೆಟ್ಟಿಗೆ ತಂದು ಆ ಕುರ್ಚಿಯ ಮೇಲೆ ಇಟ್ಟರು. ಗುಂಡಿ ಒತ್ತಿದರೆ ಅದೇ ಡ್ರಮ್ಮು ಬಾರಿಸುತ್ತದೆ, ನಿಲ್ಲಿಸು ಅನ್ನುವ ತನಕ. ಅತ್ತಿಗೆ ಒಂದು ಶನಿವಾರ ಹೋಗಿ ಹಿಂದೆ ಕೂತು ಕೇಳಿ ಬಂದರು.

"ಹೇಗಿತ್ತು?" ಎಂದು ಕೇಳಿದೆ.

"ತಪ್ಪಲ್ಲ, ಸುಸ್ತಾಗಲ್ಲ, ಬೆವರಲ್ಲ. ಹಾಡೋಳು ಉಸಿರು ತಗೊಳ್ಳೋಕೆ ಒಂದು ಕ್ಷಣ ನಿಂತ್ರೆ, ಅದು ಅವಳನ್ನ ತುಳ್ಕೊಂಡು ಮುಂದೆ ಹೋಗುತ್ತೆ."

"ಮೇಷ್ಟ್ರಿಗೆ ಹೇಳಬೇಕಿತ್ತು."

"ಏನಂತ? ಅದನ್ನ ತೆಗೆದು ಈ ಕೈನ ಕೂರಿಸಿ ಅಂತಾನಾ?"

ಅದಾದ ಮೇಲೆ ಮಾತು ನಿಂತಿತು. ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತು, ಟೀವಿಯ ಸದ್ದು ಪೂರ್ತಿ ಇಳಿಸಿ ಬರೀ ಚಿತ್ರ ನೋಡುತ್ತಿದ್ದರು. ಎಡಗೈಯ ಬೆರಳು ಮಾತ್ರ ಕುರ್ಚಿಯ ತೋಳಿನ ಮೇಲೆ ತಟ್ಟುತ್ತಲೇ ಇರುತ್ತಿತ್ತು. ಬೆಳಗ್ಗೆ ಟಕ ಟಕ, ಮಧ್ಯಾಹ್ನ ಟಕ ಟಕ. ನಾನು ಕೇಳಿ ಕೇಳಿ ರೋಸಿಹೋಗಿ, ಆ ಕುರ್ಚಿಯ ತೋಳಿಗೆ ಒಂದು ಟವೆಲ್ ಸುತ್ತಿದ್ದೂ ಉಂಟು. ಆದರೆ ಒಂದು ದಿನ ಅಡುಗೆಮನೆಯಲ್ಲಿ ನಿಂತಾಗ ಮನೆ ಯಾಕೋ ಬಿಕೋ ಅನಿಸಿತು. ಹೊರಗೆ ಬಂದು ನೋಡಿದರೆ ಅತ್ತಿಗೆ ಅಲ್ಲೇ ಕೂತಿದ್ದಾರೆ, ಎಡಗೈಯನ್ನೂ ಇನ್ನೊಂದು ಜೇಬಿಗೆ ಹಾಕಿಕೊಂಡಿದ್ದಾರೆ. ಹಾಳು ಟವೆಲನ್ನು ಬಿಚ್ಚಿ ಒಗೆಯಲು ಹಾಕಿದೆ. ಸಂಜೆ ಇವರು ಬಂದ ಕೂಡಲೇ ಹೇಳಿದೆ.

"ನಿಮ್ಮಕ್ಕ ತಟ್ಟೋದು ನಿಲ್ಲಿಸಿದ್ದಾರೆ."

"ನನಗೂ ಕೇಳಿಸ್ತು" ಅಂದರು. ಕೇಳದೆ ಇರುವುದೂ ಇವರಿಗೆ ಕೇಳಿಸುತ್ತದೆ. ಆವತ್ತೇ ನನ್ನ ಚಪ್ಪಲಿ ಎತ್ತಿಕೊಂಡು ಹೋಗಿ ಕತ್ತರಿಸಲು ಕೂತರು.

ಲೆಕ್ಕಾಚಾರ ಸರಳವಾಗಿತ್ತು. ದೊಡ್ಡ ಡ್ರಮ್ಮುಗಳ ನಡುವೆ ಓಡಾಡಲು ಎರಡು ಕೈ ಬೇಕು. ಐದು ಚಪ್ಪಲಿ ತುಂಡುಗಳನ್ನು ಒಂದು ಅಂಗೈ ಅಗಲದ ಹಲಗೆಗೆ ಅಂಟಿಸಿದರೆ, ಐದು ಬೆರಳಿಗೆ ಐದು ವಾದ್ಯ. ದೊಡ್ಡದು, ಚಿಕ್ಕದು, ಅದಕ್ಕಿಂತ ಚಿಕ್ಕದು, ಚರ್ ಎನ್ನುವುದು, ತಾಳದ ಹಾಗೆ ಚಿಣ್ ಎನ್ನುವುದು. ತಟ್ಟುವುದು ಎಡಗೈ, ಸದ್ದು ಮಾಡುವುದು ಡಬ್ಬಿ. ಅಂಗಡಿಯ ಪೆಟ್ಟಿಗೆಯ ಹಾಗೆ ತಾನೇ ಬಾರಿಸುವುದಿಲ್ಲ, ಮನುಷ್ಯರು ತಟ್ಟಿದರೆ ಮಾತ್ರ. ಇದನ್ನು ಇವರು ಯಾರಿಗೂ ಬಿಡಿಸಿ ಹೇಳಲಿಲ್ಲ. ನಾನು ನೋಡಿ ನೋಡಿ ಅರ್ಥಮಾಡಿಕೊಂಡದ್ದು.

ಚರ್ ಎನ್ನುವ ಡ್ರಮ್ಮಿಗೆ ಬಹಳ ಹೆಣಗಿದರು. ಟ್ರಾನ್ಸಿಸ್ಟರ್ ಎಂದು ಒಂದು ಇರುತ್ತದೆ, ಮೂರು ಕಾಲಿನ ಕಪ್ಪು ಹುಳದ ಹಾಗೆ. ಅದನ್ನು ಉಲ್ಟಾ ಜೋಡಿಸಿದರೆ ಒಳಗೊಳಗೇ ಸುರ್ ಅನ್ನುತ್ತದಂತೆ. ಆ ಸುರ್ ಅನ್ನು ಚೂರು ಚೂರು ಕತ್ತರಿಸಿ ಬಿಟ್ಟರೆ ಚರ್. ಆದರೆ ಒಂದೊಂದು ಹುಳದ ಗಂಟಲು ಒಂದೊಂದು ಥರ. ಒಳ್ಳೆಯ ಟ್ರಾನ್ಸಿಸ್ಟರ್ ಎಂದರೆ ಮೌನಿ. ಇವರಿಗೆ ಬೇಕಾದದ್ದು ಗಲಾಟೆಯದು. ಎಲ್ಲ ರಿಪೇರಿ ಅಂಗಡಿಗಳಿಂದ ಬೇಡವೆಂದು ಬಿಸಾಡಿದ್ದನ್ನು ಚೀಲ ತುಂಬ ತಂದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ನಾನು ಸೊಪ್ಪು ಸೋಸುವ ಹಾಗೆ ಒಂದೊಂದನ್ನೇ ಸೋಸಿದರು. ಆಗಾಗ ನನ್ನ ಕಿವಿಗೂ ಹೆಡ್‌ಫೋನ್ ಹಾಕುತ್ತಿದ್ದರು.

"ಇದು ಮಳೆಯಾ, ಎಣ್ಣೆಯಾ?"

"ಎಂಥದ್ದೂ ಅಲ್ಲ. ಒಲೆ ಮೇಲೆ ಹಾಲಿದೆ, ಬಿಡಿ ನನ್ನ."

"ಮೊದಲಿಂದು ಮಳೆ ಥರ ಇತ್ತು. ಇದು ಎಣ್ಣೆ ಕಾದ ಹಾಗಿದೆ."

"ಹಾಲು ಉಕ್ಕಿದ ಹಾಗೆ ಯಾವುದೂ ಇಲ್ವಾ? ನೋಡಿ ಒಳಗೆ, ಉಕ್ತಾ ಇದೆ."

ಆ ಗಲಾಟೆಗೆ ಅತ್ತಿಗೆ ಮುಂದಿನ ಕೋಣೆಯಿಂದ ಎದ್ದು ಬಂದರು. ನನ್ನ ಕಿವಿಯಿಂದ ಹೆಡ್‌ಫೋನ್ ಕಿತ್ತು ತಮ್ಮ ಕಿವಿಗೆ ಹಾಕಿಕೊಂಡು ಒಂದು ನಿಮಿಷ ಕೇಳಿದರು.

"ಇದು ಡ್ರಮ್ಮಲ್ಲ ಪುಟ್ಟಾ. ನಲ್ಲಿ ಸೋರ್ತಾ ಇದೆ."

ಇವರಿಗೆ ತಲೆ ನರೆತಿದೆ, ಅಕ್ಕನಿಗೆ ಇನ್ನೂ ಪುಟ್ಟ. ಪುಟ್ಟ ಆ ಟ್ರಾನ್ಸಿಸ್ಟರನ್ನು ಕಿತ್ತು ಇನ್ನೊಂದು ಹಾಕಿದರು.

"ಇದು ಯಾರೋ ಪೊರಕೆ ಎಳೀತಿದಾರೆ."

ಇನ್ನೊಂದು.

"ಇದು ಕೆಮ್ಮು."

ಹೀಗೆ ಕೆಲವು ವಾರ ನಡೆಯಿತು. ಅತ್ತಿಗೆ ಬೈಯುವುದು, ಇವರು ಬದಲಾಯಿಸುವುದು. ನನಗಂತೂ ಆ ಬೈಗುಳ ಕೇಳಿ ಜೀವ ಬಂದ ಹಾಗಾಯಿತು, ಟೀವಿ ಮುಂದೆ ಮೂಕರಾಗಿ ಕೂತಿದ್ದವರು ಬಾಯಿ ತೆರೆದರಲ್ಲ. ಒಂದು ಸಂಜೆ ಹಲಗೆಯನ್ನು ಮುಂದಿಟ್ಟುಕೊಂಡು ತಟ್ಟಿ, ತಲೆ ವಾರೆ ಮಾಡಿ, ಮತ್ತೆ ತಟ್ಟಿ, "ಹ್ಞೂಂ, ಇದನ್ನ ಬಿಡು ಹಾಗೇ" ಅಂದರು. ನಮ್ಮವರ ಮುಖ ನೋಡಬೇಕಿತ್ತು. ನನ್ನನ್ನು ಮದುವೆಯಾದ ದಿನವೂ ಆ ಮುಖ ಅಷ್ಟು ಅರಳಿರಲಿಲ್ಲ, ಫೋಟೋ ಇದೆ, ತೋರಿಸುತ್ತೇನೆ.

ಆದರೆ ದೊಡ್ಡ ಡ್ರಮ್ಮು ಅತ್ತಿಗೆಗೆ ಒಪ್ಪಿಗೆಯಾಗಲಿಲ್ಲ. ಅದು 'ಡುಂ' ಎಂದು ಬೇಗ ಮುಗಿದುಬಿಡುತ್ತಿತ್ತು.

"ಬಾಲ ಸಾಲದು" ಎಂದರು. "ನನ್ನ ದೊಡ್ಡ ಡ್ರಮ್ಮು ಹೊಡೆದ ಮೇಲೂ ಸ್ವಲ್ಪ ಹೊತ್ತು ಇರ್ತಿತ್ತು. ನೆಲದಲ್ಲಿ ಗೊತ್ತಾಗ್ತಿತ್ತು."

ಇವರು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಬಾಲ ಉದ್ದವಾಯಿತು.

"ಇನ್ನೂ."

ಇನ್ನೊಂದು ಕೂದಲೆಳೆ.

"ಇನ್ನೂ ಸ್ವಲ್ಪ."

ನನಗೆ ಗೊತ್ತಿತ್ತು. ಲಿಫ್ಟಿನ ಗಂಟೆಯ ಕಥೆ ಕೇಳಿದವಳು ನಾನು. ಆ ತಿರುಪು ಎಷ್ಟು ಅಂಚಿಗೆ ಹೋದರೆ ಬಾಲ ಅಷ್ಟು ಉದ್ದ, ಅಂಚು ದಾಟಿದರೆ ಮಾತ್ರ ಕೂಗು ನಿಲ್ಲುವುದೇ ಇಲ್ಲ. ಬಿಸಿ ತಾಗಿದರೆ ಅದು ತಾನಾಗೇ ಅಂಚು ದಾಟುತ್ತದೆ ಎಂದೂ ಇವರೇ ಹೇಳಿದ್ದರು. ಅದಕ್ಕೇ ಯಾವಾಗಲೂ ಸ್ವಲ್ಪ ಹಿಂದೆ ನಿಲ್ಲಿಸುವುದು ಇವರ ಪದ್ಧತಿ. ಅಡುಗೆಮನೆಗೆ ಕರೆದು ಕೇಳಿದೆ.

"ಜಾಸ್ತಿ ಆಗಲ್ವಾ?"

"ಆಗುತ್ತೆ."

"ಮತ್ತೆ ಹೇಳ್ಬಾರ್ದಾ?"

"ಅಕ್ಕ ಇಷ್ಟು ದಿನ ಆದ್ಮೇಲೆ ಬಾಯಿ ಬಿಟ್ಟು ಏನೋ ಕೇಳ್ತಿದಾಳೆ" ಅಂದರು. ಅದೇ ಅವರ ಉತ್ತರ. ಹೋಗಿ ಇನ್ನೊಂದು ಕೂದಲೆಳೆ ತಿರುಗಿಸಿದರು. ಅತ್ತಿಗೆ ತಟ್ಟಿದರು. ಡಬ್ಬಿಯ ಸದ್ದು ನೆಲಕ್ಕಿಳಿದು, ಕೋಣೆಯೆಲ್ಲ ಸುತ್ತಿ, ನಿಧಾನವಾಗಿ ಹೋಯಿತು. ಕೆಳಗಿನ ಮನೆಯ ಟೈಲರಮ್ಮ ತಮ್ಮ ಚಾವಣಿಗೆ ಪೊರಕೆಯ ಹಿಡಿಯಿಂದ ಕುಟ್ಟಿದರು. ಅತ್ತಿಗೆ ಕಣ್ಣು ಮುಚ್ಚಿಕೊಂಡಿದ್ದರು.

ಮೇಷ್ಟ್ರು ಒಂದು ಮಧ್ಯಾಹ್ನ ಮನೆಗೆ ಬಂದು ಅತ್ತಿಗೆ ಬಾರಿಸುವುದನ್ನು ಕೇಳಿದರು. ಚಪ್ಪಲಿ ತುಂಡುಗಳನ್ನು ನೋಡಿದಾಗ ಮುಖ ಸ್ವಲ್ಪ ಹುಳ್ಳಗಾಯಿತು, ಕೇಳಿದ ಮೇಲೆ ಸರಿಯಾಯಿತು.

"ಚೆನ್ನಾಗಿದೆ. ನಿಜವಾಗ್ಲೂ ಚೆನ್ನಾಗಿದೆ. ಆದರೆ ಹಾಲಲ್ಲಿ ಜನ ಇರ್ತಾರೆ. ಹೋಟೆಲಿನವರಿಗೆ ಆ ಪೆಟ್ಟಿಗೆ ಮೇಲೆ ನಂಬಿಕೆ. ಈ ಶನಿವಾರ ಬನ್ನಿ. ಸರಿ ಹೋದ್ರೆ ಕುರ್ಚಿ ನಿಮ್ಮದೇ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ, ಪೆಟ್ಟಿಗೇನೇ ಇಟ್ಕೋತೀನಿ."

ಅವರು ಹೋದ ಮೇಲೆ ಅತ್ತಿಗೆ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಶನಿವಾರ ಆದ್ರೆ ಆಯ್ತು. ಆಗ್ಲಿಲ್ಲ ಅಂದ್ರೆ ಈ ಮನೇಲಿ ಡ್ರಮ್ಮು ಅನ್ನೋ ಮಾತು ಯಾರೂ ಎತ್ತಬಾರದು. ನೀನೂ ಇದನ್ನೆಲ್ಲ ತೆಗೆದು ಆಚೆಗೆ ಹಾಕು ಪುಟ್ಟಾ. ನನ್ನ ಕಣ್ಣಿಗೆ ಬೀಳಬಾರದು."

"ನೋಡೋಣ" ಅಂದರು ಇವರು.

"ನೋಡೋಣ ಅಲ್ಲ. ಹ್ಞೂಂ ಅನ್ನು."

"ಹ್ಞೂಂ."

ಆ ಎರಡು ಜೇಬಿಗೆ ಎರಡು ಕೈ ಹೋಗಿದ್ದ ದಿನ ನನಗೆ ನೆನಪಾಯಿತು. ಅಂಥ ದಿನಗಳೇ ಮುಂದೆ ಸಾಲಾಗಿ ಬರುತ್ತವೆ ಎಂದುಕೊಂಡೆ. ಊಟದ ಮೇಜು ಖಾಲಿಯಾಗುತ್ತದೆ ಎಂಬ ಸಂತೋಷ ಎಳ್ಳಷ್ಟೂ ಆಗಲಿಲ್ಲ, ಅದು ನನಗೇ ಆಶ್ಚರ್ಯ.

ಶನಿವಾರ ಸಂಜೆ ಡಬ್ಬಿಯನ್ನು ಇವರು ಮಗುವಿನ ಹಾಗೆ ಎತ್ತಿಕೊಂಡು, ಸ್ಪೀಕರನ್ನು ನಾನು ಹೊತ್ತುಕೊಂಡು ಹೋಟೆಲಿಗೆ ಹೋದೆವು. ಹೋಟೆಲಿನ ಲಿಫ್ಟು ಏರುವಾಗ ಇವರು ಗೋಡೆಗೆ ಕಿವಿಯಿಟ್ಟು "ಹಗ್ಗ ಬದಲಾಯಿಸ್ಬೇಕು ಇದಕ್ಕೆ" ಅಂದರು. ಅತ್ತಿಗೆ "ಇವತ್ತು ಬೇಡ" ಅಂದರು.

ಹಾಲಿನಲ್ಲಿ ಊಟದ ಮೇಜುಗಳು ಆಗಲೇ ತುಂಬಿದ್ದವು. ವೇದಿಕೆ ಗಿಡ್ಡ, ಚಾವಣಿಯೂ ಗಿಡ್ಡ, ನಡುವೆ ಸಾಲಾಗಿ ತೂಗುಹಾಕಿದ ದೊಡ್ಡ ಲೈಟುಗಳು. ಅತ್ತಿಗೆಯ ಕುರ್ಚಿಗೆ ಸರಿಯಾಗಿ ಮೇಲೆ ಒಂದು. ಪೆಟ್ಟಿಗೆಯನ್ನು ಮೇಷ್ಟ್ರು ಪಕ್ಕದ ಸ್ಟೂಲಿಗೆ ಸರಿಸಿದ್ದರು, ಕೈಗೆಟುಕುವ ಹಾಗೆ. ಇವರು ಡಬ್ಬಿಯನ್ನು ಅತ್ತಿಗೆಯ ಬಲಕ್ಕೆ ಒಂದು ಮೇಜಿನ ಮೇಲಿಟ್ಟು, ಹಲಗೆಯನ್ನು ಅವರ ತೊಡೆಯ ಮೇಲಿಟ್ಟು, ಬ್ಯಾಟರಿ ಸಿಕ್ಕಿಸಿ, ವೇದಿಕೆಯ ಪಕ್ಕದ ಪರದೆಯ ಹಿಂದೆ ಬಂದು ನನ್ನ ಜೊತೆ ನಿಂತರು. ಆಮೇಲೆ ತಲೆಯೆತ್ತಿ ಆ ಲೈಟು ನೋಡಿದರು. ನನ್ನ ಮೊಣಕೈ ಹಿಡಿದುಕೊಂಡರು.

ಮೊದಲಿನ ಹಾಡು ಜೋರಿನದು. ಅತ್ತಿಗೆಯ ಎಡಗೈ ಹಲಗೆಯ ಮೇಲೆ ಓಡಿತು. ಹಾಡುವವಳು ಸಾಲಿನ ಕೊನೆಗೆ ಉಸಿರು ತೆಗೆದುಕೊಂಡಾಗ ಅತ್ತಿಗೆ ಕಾದರು. ಅವಳು ತಿರುಗಿ ನೋಡಿ ನಕ್ಕಳು. ಒಂದೆರಡು ಮೇಜುಗಳಲ್ಲಿ ಚಮಚಗಳು ನಿಂತವು. ಮೇಷ್ಟ್ರು ಪಿಟೀಲು ಬಾರಿಸುತ್ತಲೇ ನಮ್ಮ ಕಡೆ ತಲೆಯಾಡಿಸಿದರು. ನಾನು ಇವರ ಮುಖ ನೋಡಿದೆ. ಇವರು ಡಬ್ಬಿಯನ್ನೇ ನೋಡುತ್ತಿದ್ದರು. ತಗಡಿನ ಡಬ್ಬಿ, ಲೈಟಿನ ಕೆಳಗೆ, ಮುಚ್ಚಳ ಬೇರೆ ಹಾಕಿದೆ. ಒಳಗೆ ಬೇಯುತ್ತಿತ್ತು.

ಎರಡನೆಯದು ನಿಧಾನದ ಹಾಡು. ಹಾಡುವವಳು ಒಬ್ಬಳೇ ಶುರುಮಾಡಿದಳು. ಅತ್ತಿಗೆ ಹೆಬ್ಬೆರಳಲ್ಲಿ ದೊಡ್ಡ ಡ್ರಮ್ಮನ್ನು ಒಂದು ಸಲ ಮೆಲ್ಲಗೆ ತಟ್ಟಿದರು. ಡುಂ ಬಂತು. ನೆಲಕ್ಕಿಳಿಯಿತು. ಹೋಗಬೇಕಿತ್ತು, ಹೋಗಲಿಲ್ಲ. ಊಂ ಎಂದು ನಿಂತೇ ಇತ್ತು. ಮೊದಲು ಅದು ಬಾಲವೇ ಎಂದುಕೊಂಡರು ಎಲ್ಲರೂ, ಆಮೇಲೆ ಮೆಲ್ಲಗೆ ಏರತೊಡಗಿತು. ಮೇಜುಗಳ ಮೇಲಿನ ಗ್ಲಾಸುಗಳು ಸಣ್ಣಗೆ ನಡುಗಿದವು. ಮುಂದಿನ ಸಾಲಿನಲ್ಲಿ ಒಬ್ಬರು ಚಾವಣಿ ನೋಡಿದರು. ಹಾಡುವವಳು ಅಳುಕಿದಳು. ಮೇಷ್ಟ್ರು ಕಮಾನು ಕೆಳಗಿಳಿಸಿ ಪೆಟ್ಟಿಗೆಯ ಕಡೆ ಒಂದು ಹೆಜ್ಜೆ ಇಟ್ಟರು.

ಇವರು ಆಗಲೇ ಓಡಿದ್ದರು. ಬಗ್ಗಿಕೊಂಡು ಹೋಗಿ ಡಬ್ಬಿಯ ಮುಚ್ಚಳ ಕಿತ್ತರು, ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದರು. ತಿರುಪು ಸಿಗಲಿಲ್ಲ. ಸ್ಕ್ರೂಡ್ರೈವರ್ ಜಾರಿ ಅತ್ತ ಹೋಯಿತು, ಇತ್ತ ಹೋಯಿತು. ಮುಗಿಯಿತು, ಎಲ್ಲ ಮುಗಿಯಿತು ಎಂದುಕೊಂಡೆ.

ಅತ್ತಿಗೆ ತಮ್ಮನ ಕಡೆ ನೋಡಲೂ ಇಲ್ಲ. ಹಾಡುವವಳನ್ನೇ ನೋಡುತ್ತಿದ್ದರು. ಒಂದು ಡ್ರಮ್ಮು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಮೊಳಗಿದರೆ ಡ್ರಮ್ಮು ಬಾರಿಸುವವರು ಚರ್ಮದ ಮೇಲೆ ಅಂಗೈ ಇಟ್ಟು ತಡೆಯುತ್ತಾರಲ್ಲ, ಅದನ್ನೇ ಮಾಡಿದರು. ಬಲಗೈಯನ್ನು ಸ್ವೆಟರಿನ ಜೇಬಿನಿಂದ ಎತ್ತಿದರು, ಮೊಣಕೈಯಿಂದ ತಮ್ಮನ ಸ್ಕ್ರೂಡ್ರೈವರನ್ನು ಪಕ್ಕಕ್ಕೆ ತಳ್ಳಿದರು, ಆ ಹಸ್ತವನ್ನು ತಂದು ತೆರೆದ ಡಬ್ಬಿಯೊಳಗೆ, ಬೋರ್ಡಿನ ಬೆಸುಗೆಗಳ ಮೇಲೆ ಅಂಗೈ ಮಾಡಿ ಇಟ್ಟರು.

ಸದ್ದು ನಿಂತಿತು.

ಅತ್ತಿಗೆ ಹೆಬ್ಬೆರಳಲ್ಲಿ ಮತ್ತೆ ತಟ್ಟಿದರು, ಜೊತೆಗೇ ಬಲಗೈ ಸ್ವಲ್ಪ ಎತ್ತಿದರು. ಡುಂ, ಊಂ ಎಂದು ಹಾಡಿನ ಕೆಳಗೆ ಹರಡಿತು. ಸಾಲು ಮುಗಿಯುವಲ್ಲಿ ಕೈ ಇಳಿಸಿದರು, ನಿಂತಿತು. ಇನ್ನಷ್ಟು ಒತ್ತಿದರೆ ಸದ್ದು ಬಾಗಿ ಕೆಳಗಿಳಿಯುತ್ತದೆ ಎಂದು ಮುಂದಿನ ಸಾಲಿಗೆ ಅವರಿಗೆ ಗೊತ್ತಾಯಿತು. ಅದರ ಮುಂದಿನ ಸಾಲಿಗೆ ಬೇಕೆಂದೇ ಬಾಗಿಸಿದರು. ಹಾಡುವವಳು ಕಣ್ಣರಳಿಸಿ ಅದರ ಮೇಲೆ ದನಿ ಇಟ್ಟು ಹಾಡಿದಳು. ಮೇಷ್ಟ್ರು ಪೆಟ್ಟಿಗೆಯ ಹತ್ತಿರ ನಿಂತವರು ನಿಂತೇ ಇದ್ದರು, ಆಮೇಲೆ ಪಿಟೀಲನ್ನು ಮತ್ತೆ ಭುಜಕ್ಕೇರಿಸಿದರು. ಇವರು ಮಾತ್ರ ಮುಚ್ಚಳವನ್ನು ಎದೆಗವಚಿಕೊಂಡು, ಹಾಡು ಮುಗಿಯುವ ತನಕ ಡಬ್ಬಿಯ ಪಕ್ಕದಲ್ಲಿ ವೇದಿಕೆಯ ಮೇಲೇ ಕುಕ್ಕರುಗಾಲಲ್ಲಿ ಕೂತಿದ್ದರು. ಪರದೆಯ ಹಿಂದೆ ನಾನು ಅತ್ತೆ. ಹೇಳಿಕೊಳ್ಳಲು ನನಗೇನು ನಾಚಿಕೆ.

ಕೊನೆಯ ಹಾಡಾದ ಮೇಲೆ ಮೇಷ್ಟ್ರು ಬಂದು, "ಮುಂದಿನ ಶನಿವಾರ ಸ್ವಲ್ಪ ಬೇಗ ಬನ್ನಿ" ಎಂದಷ್ಟೇ ಹೇಳಿ, ಪೆಟ್ಟಿಗೆಯ ವೈರು ಸುತ್ತಿ ಒಳಗೆ ತೆಗೆದುಕೊಂಡು ಹೋದರು. ಅತ್ತಿಗೆ ತಲೆಯಾಡಿಸಿದರು. ತಾವು ಏನು ಮಾಡಿದೆವೆಂದು ಅವರಿಗೆ ಇನ್ನೂ ತಿಳಿದಿರಲಿಲ್ಲ ಎಂದು ನನ್ನ ಅನಿಸಿಕೆ. ಬೆವರು ಒರೆಸಿಕೊಳ್ಳಲು ಹೋಗಿ ಬಲಗೈಯಲ್ಲೇ ಹಣೆ ಒರೆಸಿಕೊಂಡರು, ವಕ್ರವಕ್ರವಾಗಿ.

ಮನೆಗೆ ಬಂದ ಮೇಲೆ ಚಹಾ ಇಟ್ಟೆ. ಇವರು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದು, ಕನ್ನಡಕ ಹಾಕಿಕೊಂಡು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು.

"ಅದು ಯಾಕೆ ನಿಲ್ತು?" ಎಂದು ನಾನು ಕೇಳಿದೆ.

"ಕೈ ಇಟ್ರೆ ಮೈಯೊಳಗೆ ಸ್ವಲ್ಪ ಕರೆಂಟ್ ಸೋರಿ ಹೋಗುತ್ತೆ. ಬ್ಯಾಟರಿ ಆದ್ದರಿಂದ ಶಾಕ್ ಇಲ್ಲ. ಅಷ್ಟೇ." ಅಷ್ಟೇ ಅಂತೆ. "ತಪ್ಪು ನಂದು. ಅಷ್ಟು ಅಂಚಿಗೆ ತರಬಾರದಿತ್ತು. ಎರಡು ನಿಮಿಷ, ಸರಿ ಮಾಡ್ತೀನಿ. ಇನ್ಮೇಲೆ ಎಷ್ಟು ಬಿಸಿ ಆದ್ರೂ ತಾನೇ ನಿಲ್ಲುತ್ತೆ."

ಅತ್ತಿಗೆ ಕುರ್ಚಿಯಿಂದ ಎದ್ದು ಬಂದರು. ಮೇಜಿನ ಹತ್ತಿರ ನಿಂತು, ಬಲಗೈಯನ್ನು ಎಡಗೈಯಿಂದ ಎತ್ತಿ ದೀಪದ ಕೆಳಗೆ ಹಿಡಿದು, ಯಾರದೋ ಕೈ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಅಂಗೈ ತುಂಬ ಬೆಸುಗೆಯ ಚುಕ್ಕಿಗಳ ಗುರುತು ಕೆಂಪಗೆ ಮೂಡಿತ್ತು.

"ಆ ತಿರುಪು ಮುಟ್ಟಬೇಡ ಪುಟ್ಟಾ" ಅಂದರು.

"ನಿಲ್ಲಲ್ಲ ಅಕ್ಕಾ ಅದು, ಹೀಗೇ ಬಿಟ್ರೆ."

"ನಿಲ್ಲದೇ ಇರ್ಲಿ. ತಾನೇ ನಿಂತುಬಿಟ್ರೆ ಈ ಕೈಗೆ ಏನು ಕೆಲಸ?"

ಇವರು ಸ್ಕ್ರೂಡ್ರೈವರನ್ನು ಡ್ರಾಯರಿನಲ್ಲಿಟ್ಟು, ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತ ಕೂತರು, ತುಂಬ ಹೊತ್ತು ಒರೆಸಿದರು.